ಕರ್ನಲ್ ಫಿಸಿಕಲ್ ಮೆಮೊರಿಯಲ್ಲಿ ಎಲ್ಲಿರಬೇಕು: 1 ಎಂಬಿ, 16 ಎಂಬಿ, ಇಲ್ಲಾ ಜಾಗ ಸಿಕ್ಕಲ್ಲಿ?

(ಇದು ಒಂದು ಚರ್ಚೆ; ಒಂಟಿ ಸಾಲಿನಲ್ಲಿರುವ ಹೆಸರುಗಳು ಬರೆದವರವು, ಪ್ರಶ್ನೆ ಕೇಳುವವರು ಮೊದಲಪುಟ.)

ಮೊದಲಪುಟ

32 ಬಿಟ್ ಎಕ್ಸ್86 ಪಿಸಿಗೆ ಬರೆದ ಸಣ್ಣ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು), ಗ್ರಬ್ ಎಂಬ ಬೂಟ್‌ಲೋಡರ್ ಅದನ್ನು ಮಲ್ಟಿಬೂಟ್ ಎಂಬ ಒಪ್ಪಂದದ ಮೂಲಕ ಎಬ್ಬಿಸುತ್ತದೆ. ಲಿಂಕರ್ ಸ್ಕ್ರಿಪ್ಟ್‌ನಲ್ಲಿ (ಕೋಡ್ ಯಾವ ವಿಳಾಸದಲ್ಲಿರಬೇಕು ಎಂದು ಹೇಳುವ ಕಡತ) ಶುರುವಿನ ವಿಳಾಸ 1 ಎಂಬಿ. ಎಲ್ಲ ಮಾದರಿಗಳಲ್ಲೂ ಇದೇ ಅಂಕಿ, ಯಾಕೆ ಅಂತ ಯಾರೂ ಹೇಳಿಲ್ಲ. ಲಿನಕ್ಸ್ ನೋಡಿದರೆ 16 ಎಂಬಿ ಅನ್ನುತ್ತದೆ. ಆರ್ಮ್ ಬೋರ್ಡ್‌ಗಳಲ್ಲಿ ಇನ್ನೇನೋ ಇರುತ್ತದೆ. ಕೇಳಬೇಕಾದ್ದು: ಸೊನ್ನೆಯಿಂದಲೇ ಶುರು ಮಾಡಿದರೆ ಏನು ತೊಂದರೆ? ಪೇಜಿಂಗ್ ಬಳಸಿ (ಕೋಡ್ ನೋಡುವ ವರ್ಚುವಲ್ ವಿಳಾಸವನ್ನು ರಾಮ್‌ನ ನಿಜವಾದ ಫಿಸಿಕಲ್ ವಿಳಾಸಕ್ಕೆ ತಿರುಗಿಸುವ ವ್ಯವಸ್ಥೆ) ಕರ್ನಲ್ಲನ್ನು ವರ್ಚುವಲ್ 3 ಜಿಬಿ ಮೇಲಕ್ಕೆ ಒಯ್ದ ಮೇಲೆ ಫಿಸಿಕಲ್ ವಿಳಾಸ ಎಲ್ಲಿದ್ದರೂ ನಡೆಯುತ್ತದಾ? ಮುಂದೆ 64 ಬಿಟ್‌ಗೂ ಯುಇಎಫ್‌ಐಗೂ (ಪಿಸಿ ಆನ್ ಆದಾಗ ಮೊದಲು ಓಡುವ ಫರ್ಮ್‌ವೇರ್‌ನ ಹೊಸ ಬಗೆ; ಹಳೆಯದು ಬಯೋಸ್) ಹೋಗುವವರು ಈಗಿನಿಂದಲೇ ಏನನ್ನು ಬೇರೆ ಥರ ಮಾಡಬೇಕು?

ರಿಂಗ್‌ಸೊನ್ನೆ

ಸೊನ್ನೆಯಿಂದ ಶುರು ಮಾಡೋಕೆ ಆಗದ್ದು ಯಾಕೆ ಅಂದ್ರೆ ಆ ಜಾಗದಲ್ಲಿ ಆಗಲೇ ಬೇರೆಯವರು ಕೂತಿದಾರೆ. ಬಯೋಸ್ ಇರೋ ಪಿಸಿಯ ಮೊದಲ 1 ಎಂಬಿ ನೋಡಿ (ವಿಳಾಸಗಳೆಲ್ಲ ಹೆಕ್ಸ್):

0ಯಿಂದ 3ಎಫ್‌ಎಫ್: ರಿಯಲ್ ಮೋಡ್ (ಪ್ರೊಸೆಸರ್ ಆನ್ ಆದಾಗ ಇರೋ 16 ಬಿಟ್ ಸ್ಥಿತಿ) ಇಂಟರಪ್ಟ್ ಟೇಬಲ್, 256 ನಮೂದು, ಒಂದೊಂದಕ್ಕೆ 4 ಬೈಟ್.
400ರಿಂದ 4ಎಫ್‌ಎಫ್: ಬಯೋಸ್ ಡೇಟಾ.
500ರಿಂದ 7ಬಿಎಫ್‌ಎಫ್: ಖಾಲಿ.
7ಸಿ00: ಬೂಟ್ ಸೆಕ್ಟರ್ ಬಂದು ಇಳಿಯೋ ಜಾಗ, 512 ಬೈಟ್.
7ಇ00ರಿಂದ ಸುಮಾರು 640 ಕೆಬಿ ಒಳಗೆ: ಖಾಲಿ. ಆದ್ರೆ ಕೊನೆಯ ಕೆಲವು ಕೆಬಿಯನ್ನು ಬಯೋಸ್‌ನ ವಿಸ್ತರಿತ ಡೇಟಾ ಹಿಡಿದಿರುತ್ತೆ, ಎಷ್ಟು ಅನ್ನೋದು ಒಂದೊಂದು ಮಷೀನ್‌ನಲ್ಲಿ ಒಂದೊಂದು ಥರ.
ಎ0000ದಿಂದ ಬಿಎಫ್‌ಎಫ್‌ಎಫ್‌ಎಫ್: ವಿಜಿಎ ಮೆಮೊರಿ.
ಸಿ0000ದಿಂದ 1 ಎಂಬಿ ತನಕ: ವಿಡಿಯೋ ರಾಮ್ ಅಲ್ಲ, ಆಪ್ಷನ್ ರೋಮ್‌ಗಳು ಮತ್ತು ಬಯೋಸ್ ರೋಮ್.

ಅಂದ್ರೆ ಕೆಳಗೆ ಒಂದೇ ತುಂಡಾಗಿ ಸಿಗೋದು ಹೆಚ್ಚಂದ್ರೆ 600 ಕೆಬಿ ಚಿಲ್ಲರೆ, ಅದೂ ಬೂಟ್‌ಲೋಡರ್ ತನ್ನ ಪಾಲು ತಗೊಂಡ ಮೇಲೆ ಉಳಿದದ್ದು. 1 ಎಂಬಿ ಅನ್ನೋದು ಈ ಗಲಾಟೆ ಮುಗಿದ ಮೇಲೆ ಬರೋ ಮೊದಲ ಉದ್ದನೆಯ ರಾಮ್. ಅಷ್ಟೇ. ಅದರಲ್ಲಿ ಬೇರೆ ಮಹಿಮೆ ಏನೂ ಇಲ್ಲ.

ಇನ್ನೊಂದು: ಎಸ್‌ಎಂಪಿ (ಹಲವು ಕೋರ್ ಒಟ್ಟಿಗೆ ಓಡಿಸೋದು) ಮಾಡೋ ಯೋಚನೆ ಇದ್ರೆ ಕೆಳಗಿನ 1 ಎಂಬಿಯಲ್ಲಿ ಒಂದಾದ್ರೂ 4 ಕೆಬಿ ಪುಟ ತೆಗೆದಿಡಿ. ಬೇರೆ ಕೋರ್‌ಗಳನ್ನು ಎಬ್ಬಿಸೋ ಸ್ಟಾರ್ಟಪ್ ಇಂಟರಪ್ಟ್‌ನಲ್ಲಿ ಇರೋದು 8 ಬಿಟ್ ಪುಟಸಂಖ್ಯೆ, ಆ ಕೋರ್ ರಿಯಲ್ ಮೋಡ್‌ನಲ್ಲಿ ಏಳುತ್ತೆ. ಅದರ ಮೊದಲ ಕೋಡ್ 1 ಎಂಬಿಗಿಂತ ಮೇಲೆ ಇರೋ ಹಾಗೇ ಇಲ್ಲ.

ಹದಿನಾರಂಕಿ

ಮೇಲಿನದಕ್ಕೆ ಒಂದು ಸೇರ್ಪಡೆ. ಕೆಳಗಿನ ಖಾಲಿ ಜಾಗವೂ ನಂಬಿಕಸ್ಥ ಅಲ್ಲ. ಕೆಲವು ಫರ್ಮ್‌ವೇರ್‌ಗಳು ಖಾಲಿ ಎಂದು ತೋರಿಸಿದ ಕೆಳ ಮೆಮೊರಿಯನ್ನೇ ಆಮೇಲೆ, ಸಸ್ಪೆಂಡ್ ಮಾಡಿ ಎಬ್ಬಿಸುವಾಗಲೋ ಇನ್ನಾವಾಗಲೋ, ಕೆಡಿಸಿದ್ದುಂಟು. ಲಿನಕ್ಸ್ ಮೊದಲು 64 ಕೆಬಿಯನ್ನು ದೂರ ಇಟ್ಟಿತ್ತು. 2021ರಿಂದ ಎಕ್ಸ್86ನಲ್ಲಿ ಮೊದಲ 1 ಎಂಬಿ ಪೂರ್ತಿ ಕಾಯ್ದಿರಿಸುತ್ತದೆ. 1 ಎಂಬಿ ಉಳಿಸಿ ಯಾರಿಗೂ ಏನೂ ಲಾಭವಿಲ್ಲ, ಬಿಟ್ಟುಬಿಡಿ.

ಲಿಂಕರ್‌ಕಡತ

ಎರಡನೇ ಪ್ರಶ್ನೆಗೆ ಉತ್ತರ ಹೇಳುವ ಮುಂಚೆ ಒಂದು ವಿಷಯ ಇತ್ಯರ್ಥ ಆಗಬೇಕು. ಕೋಡ್ ಲಿಂಕ್ ಆದ ವಿಳಾಸ ಬೇರೆ, ಲೋಡ್ ಆಗುವ ವಿಳಾಸ ಬೇರೆ. ಎರಡನ್ನೂ ಒಂದೇ ಎಂದುಕೊಂಡರೆ 1 ಎಂಬಿಯಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತದೆ, 3 ಜಿಬಿಗೆ ಹೋದ ದಿನ ಎಲ್ಲವೂ ಮಗುಚುತ್ತದೆ.

ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಲೊಕೇಶನ್ ಕೌಂಟರನ್ನು ಸಿ0100000ಕ್ಕೆ ಇಡಿ. ಪ್ರತಿ ಸೆಕ್ಷನ್‌ಗೂ ಎಟಿ ಎನ್ನುವ ಆಪರೇಟರ್ ಹಾಕಿ, ಅದರೊಳಗೆ ಆ ಸೆಕ್ಷನ್‌ನ ವಿಳಾಸದಿಂದ ಸಿ0000000 ಕಳೆಯಿರಿ. ಆಗ ಲಿಂಕರ್ ಕೊಡುವ ಎಲ್ಫ್ ಮಾದರಿಯ ಫೈಲಿನ ಪ್ರೋಗ್ರಾಂ ಹೆಡರ್‌ನಲ್ಲಿ ವರ್ಚುವಲ್ ವಿಳಾಸ ಸಿ0100000 ಎಂದೂ ಫಿಸಿಕಲ್ ವಿಳಾಸ 100000 ಎಂದೂ ಬರುತ್ತದೆ. ಗ್ರಬ್ ಲೋಡ್ ಮಾಡಲು ನೋಡುವುದು ಫಿಸಿಕಲ್ ಕಾಲಮ್ಮನ್ನು. ಎಂಟ್ರಿ ವಿಳಾಸವನ್ನೂ ಫಿಸಿಕಲ್ ಆಗಿಯೇ ಕೊಟ್ಟುಬಿಡಿ. ಆ ಹೊತ್ತಿನಲ್ಲಿ ಪೇಜಿಂಗ್ ಇಲ್ಲ, 3 ಜಿಬಿಯಲ್ಲಿ ಏನೂ ಇಲ್ಲ.

ಎಟಿ ಒಂದು ಸೆಕ್ಷನ್‌ಗೆ ಹಾಕಿ ಇನ್ನೊಂದಕ್ಕೆ ಮರೆತರೆ ಬಿಲ್ಡ್ ಸದ್ದಿಲ್ಲದೆ ಮುಗಿಯಬಹುದು. ಹಾಗಾಗಿ ಪ್ರತಿ ಬಿಲ್ಡ್ ಆದ ಮೇಲೆ ರೀಡ್‌ಎಲ್ಫ್‌ನಲ್ಲಿ ಪ್ರೋಗ್ರಾಂ ಹೆಡರ್ ತೆಗೆದು ನಾಲ್ಕು ಕಾಲಮ್ ನೋಡಿ: ವರ್ಚುವಲ್ ವಿಳಾಸ, ಫಿಸಿಕಲ್ ವಿಳಾಸ, ಫೈಲಿನಲ್ಲಿರುವ ಗಾತ್ರ, ಮೆಮೊರಿಯಲ್ಲಿನ ಗಾತ್ರ. ನನ್ನ ಮಟ್ಟಿಗೆ ಡೀಬಗರ್‌ಗಿಂತ ಮೊದಲು ತೆರೆಯಬೇಕಾದದ್ದು ಇದು.

ಮಲ್ಟಿಬೂಟ್ ಹೆಡರ್ ಬಗ್ಗೆ: ಮೊದಲ ಆವೃತ್ತಿಯಲ್ಲಿ ಅದು ಫೈಲಿನ ಮೊದಲ 8192 ಬೈಟ್ ಒಳಗೆ, 4 ಬೈಟ್ ಗಡಿಯಲ್ಲಿ ಇರಬೇಕು, ಎರಡನೇ ಆವೃತ್ತಿಯಲ್ಲಿ ಮೊದಲ 32768 ಬೈಟ್ ಒಳಗೆ, 8 ಬೈಟ್ ಗಡಿಯಲ್ಲಿ. ಟೂಲ್‌ಚೈನ್ ತಾನಾಗಿ ಸೇರಿಸುವ ಬಿಲ್ಡ್ ಐಡಿ ನೋಟ್ ಸೆಕ್ಷನ್ ಕೆಲವೊಮ್ಮೆ ಎಲ್ಲಕ್ಕಿಂತ ಮುಂದೆ ಬಂದು ಕೂತು ಹೆಡರನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಗ್ರಬ್ ಮಲ್ಟಿಬೂಟ್ ಹೆಡರ್ ಸಿಗಲಿಲ್ಲ ಎನ್ನುತ್ತದೆ, ಕೋಡ್‌ನಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ನೋಟ್ ಸೆಕ್ಷನ್ನನ್ನು ಸ್ಕ್ರಿಪ್ಟ್‌ನಲ್ಲೇ ಬಿಸಾಡಿ, ಹೆಡರ್ ಸೆಕ್ಷನ್‌ಗೆ ಕೀಪ್ ಹಾಕಿ. ಬಳಕೆಯಾಗದ ಸೆಕ್ಷನ್ ಕಿತ್ತುಹಾಕುವ ಆಯ್ಕೆ ಆನ್ ಇದ್ದರೆ ಕೀಪ್ ಇಲ್ಲದ ಹೆಡರೂ ಅದರ ಜೊತೆ ಹೋಗುತ್ತದೆ.

ಮೊದಲಪುಟ

ಇದನ್ನು ಮಾಡಿ ನೋಡಿದಾಗ ಪೇಜಿಂಗ್ ಆನ್ ಮಾಡುವ ಸಾಲಿನಲ್ಲೇ ಮಷೀನ್ ರೀಸೆಟ್ ಆಗುತ್ತದೆ. ಪೇಜ್ ಡೈರೆಕ್ಟರಿಯಲ್ಲಿ (ಪೇಜಿಂಗ್‌ನ ಮೇಲ್ಹಂತದ ಟೇಬಲ್, ಒಂದು ನಮೂದಿಗೆ 4 ಎಂಬಿ) 768ನೇ ನಮೂದು, ಅಂದರೆ 3 ಜಿಬಿಯದು, ತುಂಬಿದೆ, ಅದು ಫಿಸಿಕಲ್ 0ಯಿಂದ 4 ಎಂಬಿಯನ್ನು ತೋರಿಸುತ್ತಿದೆ. ಇನ್ನೇನು ಬೇಕು?

ರಿಂಗ್‌ಸೊನ್ನೆ

0ನೇ ನಮೂದು ಬೇಕು. ಸಿಆರ್0 ರಿಜಿಸ್ಟರ್‌ನ 31ನೇ ಬಿಟ್ (ಪೇಜಿಂಗ್ ಸ್ವಿಚ್) ಹಾಕಿದ ಕ್ಷಣದಲ್ಲೂ ಇನ್‌ಸ್ಟ್ರಕ್ಷನ್ ಪಾಯಿಂಟರ್ 1 ಎಂಬಿ ಆಸುಪಾಸಲ್ಲೇ ಇರುತ್ತೆ. ಮುಂದಿನ ಇನ್‌ಸ್ಟ್ರಕ್ಷನ್ ತರೋಕೆ ಹೋದ್ರೆ ಆ ವಿಳಾಸಕ್ಕೆ ಮ್ಯಾಪಿಂಗ್ ಇಲ್ಲ: ಪೇಜ್ ಫಾಲ್ಟ್. ಅದನ್ನು ಹಿಡಿಯೋ ಹ್ಯಾಂಡ್ಲರ್ ಇಲ್ಲ: ಡಬಲ್ ಫಾಲ್ಟ್. ಅದಕ್ಕೂ ಯಾರೂ ಇಲ್ಲ: ಟ್ರಿಪಲ್ ಫಾಲ್ಟ್, ರೀಸೆಟ್.

ಅದಕ್ಕೇ 0 ಮತ್ತು 768, ಎರಡೂ ಒಂದೇ ಫಿಸಿಕಲ್ 4 ಎಂಬಿಯನ್ನು ತೋರಿಸಬೇಕು. ಪೇಜಿಂಗ್ ಆನ್ ಮಾಡಿ, ಲೇಬಲ್‌ನ ಪೂರ್ತಿ ವಿಳಾಸವನ್ನು ರಿಜಿಸ್ಟರ್‌ಗೆ ಹಾಕಿ ಅದಕ್ಕೆ ಜಂಪ್ ಮಾಡಿ. ಸುಮ್ನೆ ಲೇಬಲ್‌ಗೆ ಜಂಪ್ ಅಂತ ಬರೆದ್ರೆ ಅಸೆಂಬ್ಲರ್ ರಿಲೇಟಿವ್ ಜಂಪ್ ಹಾಕುತ್ತೆ, ನೀವು ಕೆಳಗೇ ಉಳೀತೀರಿ, ಎಲ್ಲಾ ಸರಿ ಇದೆ ಅನ್ಸುತ್ತೆ. 0ನೇ ನಮೂದು ತೆಗೆದಾಗ ಗೊತ್ತಾಗುತ್ತೆ.

ಕರ್ನಲ್ 4 ಎಂಬಿ ದಾಟಿದ್ರೆ 1 ಮತ್ತು 769 ಕೂಡ ಬೇಕು. ದಾಟಿದೆಯಾ ಅಂತ ನೋಡುವಾಗ ಬಿಎಸ್‌ಎಸ್ (ಫೈಲ್‌ನಲ್ಲಿ ಇಲ್ಲದ, ಮೆಮೊರಿಯಲ್ಲಿ ಸೊನ್ನೆ ತುಂಬಿ ಕೊಡೋ ವೇರಿಯಬಲ್‌ಗಳ ಜಾಗ) ಸೇರಿಸಿ ಲೆಕ್ಕ ಹಾಕಿ.

ಲಿಂಕರ್‌ಕಡತ

0ನೇ ನಮೂದನ್ನು ತೆಗೆಯುವ ಮುಂಚೆ, ಫಿಸಿಕಲ್ ವಿಳಾಸವನ್ನು ಇನ್ನೂ ಹಿಡಿದುಕೊಂಡಿರುವವರು ಯಾರು ಯಾರು ಎಂದು ಒಮ್ಮೆ ಹುಡುಕಿ.

ಸ್ಟಾಕ್ ಪಾಯಿಂಟರ್. ಅದಕ್ಕೆ ವರ್ಚುವಲ್ ವಿಳಾಸವನ್ನು ಹೊಸದಾಗಿ ತುಂಬಬೇಕು.

ಜಿಡಿಟಿ. ಇದು ಸೆಗ್ಮೆಂಟ್‌ಗಳ (ಮೆಮೊರಿ ತುಂಡುಗಳ) ವಿವರ ಇರುವ ಟೇಬಲ್. ರಿಜಿಸ್ಟರ್‌ನಲ್ಲಿ ಕೂತಿರುವ ಅದರ ಬೇಸ್ ಪೇಜಿಂಗ್ ಮೂಲಕ ಹಾಯುವ ಲೀನಿಯರ್ ವಿಳಾಸ. ಪೇಜಿಂಗ್‌ಗೂ ಮುಂಚೆ ಫಿಸಿಕಲ್ ವಿಳಾಸ ಕೊಟ್ಟು ಲೋಡ್ ಮಾಡಿದ್ದರೆ, ಕೆಳಗಿನ ಮ್ಯಾಪಿಂಗ್ ತೆಗೆದ ತಕ್ಷಣ ಏನೂ ಆಗುವುದಿಲ್ಲ, ಯಾಕೆಂದರೆ ಸೆಗ್ಮೆಂಟ್‌ಗಳ ನಕಲು ಪ್ರೊಸೆಸರ್ ಒಳಗೇ ಇದೆ. ಮೊದಲ ಇಂಟರಪ್ಟ್ ಬಂದಾಗ ಸಿಎಸ್ (ಕೋಡ್ ಸೆಗ್ಮೆಂಟ್ ರಿಜಿಸ್ಟರ್) ಮತ್ತೆ ಲೋಡ್ ಆಗುತ್ತದೆ, ಆಗ ಸಾಯುತ್ತದೆ. ಟೈಮರ್ ಆನ್ ಮಾಡಿದರೆ ರೀಸೆಟ್ ಆಗುತ್ತಿದೆ ಎನ್ನುವ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ, ಟೈಮರ್ ಪಾಪದ್ದು. ಗ್ರಬ್ ಬಿಟ್ಟುಹೋದ ಜಿಡಿಟಿಯನ್ನಂತೂ ನೆಚ್ಚಬೇಡಿ. ಅದು ಸರಿಯಾಗಿಯೇ ಇರುತ್ತದೆ ಎಂದು ಮಲ್ಟಿಬೂಟ್ ನಿಯಮ ಎಲ್ಲೂ ಮಾತು ಕೊಟ್ಟಿಲ್ಲ.

ಗ್ರಬ್‌ನಿಂದ ಇಬಿಎಕ್ಸ್ ರಿಜಿಸ್ಟರ್‌ನಲ್ಲಿ ಬಂದ ಮಲ್ಟಿಬೂಟ್ ಮಾಹಿತಿಯ ಪಾಯಿಂಟರ್, ಅದರೊಳಗಿನ ಪಾಯಿಂಟರ್‌ಗಳು, ಬಿ8000ದಲ್ಲಿರುವ ಟೆಕ್ಸ್ಟ್ ಪರದೆ, ಎಲ್ಲವೂ ಫಿಸಿಕಲ್. ಸಿ0000000 ಕೂಡಿಸಿದರೆ ಸಾಲದು, ಕೂಡಿಸಿ ಬಂದ ವಿಳಾಸ ನೀವು ಮ್ಯಾಪ್ ಮಾಡಿದ 4 ಎಂಬಿ ಒಳಗೆ ಬೀಳುತ್ತದಾ ಎಂದೂ ನೋಡಬೇಕು.

ಹಾಗೆಯೇ, ಪೇಜಿಂಗ್‌ಗೂ ಮುಂಚೆ ಸಿ ಫಂಕ್ಷನ್ ಕರೆಯುವವರು ಗಮನಿಸಿ. ಫಂಕ್ಷನ್ ಕರೆ ರಿಲೇಟಿವ್, ಅದು ಸಲೀಸಾಗಿ ನಡೆಯುತ್ತದೆ. ಲೋಕಲ್ ವೇರಿಯಬಲ್ ಸ್ಟಾಕ್‌ನಲ್ಲಿದೆ, ಅದೂ ನಡೆಯುತ್ತದೆ. ಗ್ಲೋಬಲ್ ವೇರಿಯಬಲ್‌ಗೆ ಕೈ ಹಾಕಿದಾಗ ಮಾತ್ರ ಕೋಡ್ ಸಿ01xxxxx ಥರದ ವಿಳಾಸಕ್ಕೆ ಹೋಗುತ್ತದೆ. 128 ಎಂಬಿ ಮಷೀನ್‌ನಲ್ಲಿ ಅಲ್ಲಿ ರಾಮ್ ಇಲ್ಲ. ಫಾಲ್ಟ್ ಕೂಡ ಬರುವುದಿಲ್ಲ, ಬರೆದದ್ದು ಎಲ್ಲೂ ಉಳಿಯುವುದಿಲ್ಲ. ಈ ಹಂತದ ಕೋಡ್ ಅಸೆಂಬ್ಲಿಯಲ್ಲೇ ಇದ್ದರೆ ವಾಸಿ, ಪ್ರತಿ ಗುರುತಿನಿಂದ ಸಿ0000000 ಕಳೆದು ಬಳಸಬೇಕು.

ಹದಿನಾರಂಕಿ

ಬಿಎಸ್‌ಎಸ್ ವಿಷಯ ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ, ಹಾಳಾಗುವುದು ಜಾಸ್ತಿ ಅಲ್ಲೇ. ಒಂದು ಲೆಕ್ಕ ನೋಡಿ.

ಪ್ರೋಗ್ರಾಂ ಹೆಡರ್‌ನಲ್ಲಿ ಫಿಸಿಕಲ್ ವಿಳಾಸ 100000, ಫೈಲಿನ ಗಾತ್ರ 2ಎ000, ಮೆಮೊರಿಯ ಗಾತ್ರ 19ಎ000 ಎಂದು ಇದೆ ಎನ್ನಿ. ಫೈಲಿನಲ್ಲಿ ಇರುವುದು 168 ಕೆಬಿ. ಮೆಮೊರಿಯಲ್ಲಿ ಹಿಡಿಯುವುದು 1640 ಕೆಬಿ. ನಡುವಿನ 1472 ಕೆಬಿ ಬಿಎಸ್‌ಎಸ್: ಸ್ಟಾಕ್, ಪೇಜ್ ಟೇಬಲ್, ಬಿಟ್‌ಮ್ಯಾಪ್, ಬಫರ್. ಫೈಲನ್ನೇ ನೋಡಿದವನಿಗೆ ಕರ್ನಲ್ 12ಎ000ದಲ್ಲಿ ಮುಗಿಯುತ್ತದೆ. ನಿಜವಾಗಿ ಮುಗಿಯುವುದು 29ಎ000ದಲ್ಲಿ.

ಎಲ್ಫ್ ಓದುವ ಲೋಡರ್ ಆದರೆ ಎರಡನೇ ಗಾತ್ರವನ್ನೇ ನೋಡುತ್ತದೆ, ಉಳಿದದ್ದಕ್ಕೆ ಸೊನ್ನೆ ತುಂಬುತ್ತದೆ. ಆದರೆ ಆಬ್ಜ್‌ಕಾಪಿಯಿಂದ ಬರೀ ಬೈನರಿ ಮಾಡಿಕೊಂಡು ತಾವೇ ಬರೆದ ಲೋಡರ್‌ನಿಂದ ಎಬ್ಬಿಸುವವರಿಗೆ ಆ ಮಾಹಿತಿಯೇ ಇಲ್ಲ. 168 ಕೆಬಿ ಇಳಿಸಿ, ಅದರ ಹಿಂದೆಯೇ 130000ದಲ್ಲಿ ಇನಿಟ್‌ಆರ್‌ಡಿ (ಬೂಟ್ ಆಗುವಾಗ ಬೇಕಾದ ಫೈಲುಗಳ ಕಟ್ಟು) ಇಡುತ್ತಾರೆ. ಕರ್ನಲ್ ಎದ್ದು ಬಿಎಸ್‌ಎಸ್ ಸೊನ್ನೆ ಮಾಡಿದಾಗ ಇನಿಟ್‌ಆರ್‌ಡಿಯ ಮೊದಲ 1448 ಕೆಬಿ ಒರೆಸಿಹೋಗುತ್ತದೆ. ಇನ್ನು ಸೊನ್ನೆ ಮಾಡದೇ ಬಿಟ್ಟರೆ ಇನ್ನೂ ಕೆಟ್ಟದು: ಕೆಲವು ದಿನ ನಡೆಯುತ್ತದೆ, ಕೋಡ್ ಎರಡು ಸಾಲು ಬದಲಾದಾಗ ಬೇರೆಯದೇ ಕಡೆ ಒಡೆಯುತ್ತದೆ.

ಕರ್ನಲ್ ಎಲ್ಲಿ ಕೂರುತ್ತದೆ ಎನ್ನುವುದಕ್ಕಿಂತ ಎಲ್ಲಿಂದ ಎಲ್ಲಿವರೆಗೆ ಕೂತಿದೆ ಎನ್ನುವುದು ಮೆಮೊರಿ ಮುಟ್ಟುವ ಎಲ್ಲರಿಗೂ ಗೊತ್ತಿರಬೇಕು. 1 ಎಂಬಿಯಾ 16 ಎಂಬಿಯಾ ಎನ್ನುವ ಜಗಳ ಇದರ ಮುಂದೆ ಸಣ್ಣದು. ಲಿಂಕರ್ ಸ್ಕ್ರಿಪ್ಟ್‌ನ ಕೊನೆಯಲ್ಲಿ, ಬಿಎಸ್‌ಎಸ್ ಆದ ಮೇಲೆ, 4 ಕೆಬಿಗೆ ಅಲೈನ್ ಮಾಡಿ ಒಂದು ಗುರುತು ಹಾಕಿ. ಪೇಜ್ ಅಲೊಕೇಟರ್ (ಖಾಲಿ ಪುಟ ಹಂಚುವ ಕೋಡ್) ಶುರುವಾಗುವಾಗ ಆ ಗುರುತಿನವರೆಗೂ ಕಾಯ್ದಿರಿಸಲಿ. ಅದರ ಜೊತೆಗೆ ಮಾಡ್ಯೂಲ್‌ಗಳು, ಮಲ್ಟಿಬೂಟ್ ಮಾಹಿತಿ, ಅದರೊಳಗಿನ ಮೆಮೊರಿ ಮ್ಯಾಪ್ (ಯಾವ ಜಾಗ ಖಾಲಿ ಎನ್ನುವ ಪಟ್ಟಿ) ಮತ್ತು ಕಮಾಂಡ್‌ಲೈನ್ ಇರುವ ಪುಟಗಳನ್ನೂ. ಗ್ರಬ್ ಇವನ್ನೆಲ್ಲ ಖಾಲಿ ರಾಮ್ ಎಂದು ತೋರಿಸುವ ಜಾಗದಲ್ಲೇ ಇಟ್ಟಿರುತ್ತದೆ. ಮೆಮೊರಿ ಮ್ಯಾಪ್‌ನಲ್ಲಿ ಕರ್ನಲ್ ಕೂತ ಜಾಗವೂ ಖಾಲಿ ಎಂದೇ ಇರುತ್ತದೆ.

ರಿಂಗ್‌ಸೊನ್ನೆ

ಮೆಮೊರಿ ಮ್ಯಾಪ್ ಮಾತು ಬಂತು, ಹೇಳಿಬಿಡ್ತೀನಿ. ಬಯೋಸ್‌ನ ಇ820 ಕರೆ ಕೊಡೋ ಪಟ್ಟಿ ಕ್ರಮವಾಗಿ ಇರಬೇಕು ಅಂತಿಲ್ಲ, ಒಂದರ ಮೇಲೊಂದು ಹಾಯ್ದಿರಬಹುದು, ಪುಟದ ಗಡಿಯಲ್ಲಿ ಇಲ್ಲದೇನೂ ಇರಬಹುದು. ಮೊದಲು ವಿಂಗಡಿಸಿ. ಎರಡು ನಮೂದು ಜಗಳ ಆಡಿದ್ರೆ ಕಾಯ್ದಿರಿಸಿದ್ದಕ್ಕೇ ಗೆಲುವು. ಬಳಸಬಹುದು ಅನ್ನೋ ತುಂಡಿನ ಶುರುವನ್ನು 4 ಕೆಬಿಗೆ ಮೇಲಕ್ಕೂ ಕೊನೆಯನ್ನು ಕೆಳಕ್ಕೂ ದುಂಡಗೆ ಮಾಡಿ. ಕಾಯ್ದಿರಿಸಿದ್ದಕ್ಕೆ ತಿರುಗಾಮುರುಗಾ. ಟೈಪ್ 1 ಮಾತ್ರ ನಿಮ್ಮದು. ಟೈಪ್ 3ರಲ್ಲಿ ಎಸಿಪಿಐ ಟೇಬಲ್ (ಹಾರ್ಡ್‌ವೇರ್ ವಿವರ) ಇರುತ್ತೆ, ಓದಿ ಮುಗಿಸಿದ ಮೇಲೆ ನಿಮ್ಮದು. ಟೈಪ್ 4 ಯಾವತ್ತೂ ಅಲ್ಲ.

ಒಟ್ಟು ರಾಮ್ ಎಷ್ಟು ಅಂತ ಕೂಡಿ, 0ಯಿಂದ ಅಲ್ಲಿ ತನಕ ಎಲ್ಲಾ ರಾಮ್ ಅಂದ್ಕೋಬೇಡಿ. 4 ಜಿಬಿ ಕೆಳಗೆ ಪಿಸಿಐ ಸಾಧನಗಳಿಗೆ ಅಂತ ಒಂದು ದೊಡ್ಡ ತೂತು ಇರುತ್ತೆ, ಅಲ್ಲಿಂದ ಎತ್ತಿದ ರಾಮ್ 4 ಜಿಬಿ ಮೇಲೆ ಕಾಣಿಸುತ್ತೆ.

ಉಲ್ಟಾಸ್ಟಾಕ್

ಗ್ರಬ್ ಬೇಡ, ಲೋಡರ್ ನಾನೇ ಬರೀತೀನಿ ಅನ್ನೋರಿಗೆ: ರಿಯಲ್ ಮೋಡ್‌ನಿಂದ 1 ಎಂಬಿ ಮೇಲಕ್ಕೆ ನೇರ ಓದಕ್ಕಾಗಲ್ಲ. ಡಿಸ್ಕ್‌ನಿಂದ ಕೆಳಗಿನ ಒಂದು ಬಫರ್‌ಗೆ ಓದಿ, ಪ್ರೊಟೆಕ್ಟೆಡ್ ಮೋಡ್‌ಗೆ (32 ಬಿಟ್ ಸ್ಥಿತಿ) ಹಾರಿಯೋ ಅನ್‌ರಿಯಲ್ ಮೋಡ್‌ನಲ್ಲೋ (ರಿಯಲ್ ಮೋಡ್‌ನಲ್ಲೇ ಇದ್ದು 1 ಎಂಬಿ ಮೇಲೆ ಮುಟ್ಟೋ ಉಪಾಯ) ಮೇಲಕ್ಕೆ ನಕಲು ಮಾಡಿ, ಮತ್ತೆ ಓದಿ. ಒಂದೇ ಸಲಕ್ಕೆ 127 ಸೆಕ್ಟರ್‌ಗಿಂತ ಹೆಚ್ಚು ಕೇಳಿದ್ರೆ ಕೆಲವು ಬಯೋಸ್ ಒಪ್ಪಲ್ಲ. ಬಫರ್ 64 ಕೆಬಿ ಗಡಿ ದಾಟದ ಹಾಗೆ ಇಡಿ.

ಅದಕ್ಕೂ ಮೊದಲು ಎ20 ಗೆರೆ (ವಿಳಾಸದ 20ನೇ ಬಿಟ್ ಸಾಗೋ ತಂತಿ) ತೆರೀಬೇಕು. ಅದು ಮುಚ್ಚಿದ್ರೆ ವಿಳಾಸದ 20ನೇ ಬಿಟ್ ಯಾವಾಗಲೂ ಸೊನ್ನೆ. 1 ಎಂಬಿಗೆ ಬರೆದದ್ದು ಹೋಗಿ 0ಗೆ ಬೀಳುತ್ತೆ, ಇಂಟರಪ್ಟ್ ಟೇಬಲ್ ಮೇಲೆ. 2 ಎಂಬಿ ಸರಿಯಾಗಿರುತ್ತೆ, 3 ಎಂಬಿಗೆ ಬರೆದದ್ದು 2 ಎಂಬಿಗೆ ಬೀಳುತ್ತೆ. ಪರೀಕ್ಷೆ ಸುಲಭ: 1 ಎಂಬಿ ಅಂತರದ ಎರಡು ವಿಳಾಸಕ್ಕೆ ಬೇರೆ ಬೇರೆ ಬೆಲೆ ಬರೆದು ಓದಿ. ಎಮ್ಯುಲೇಟರ್‌ನಲ್ಲಿ ಅದು ಸಾಮಾನ್ಯವಾಗಿ ತೆರೆದೇ ಇರುತ್ತೆ, ಹಾಗಾಗಿ ಅಲ್ಲಿ ಓಡಿದ್ದು ಹಳೇ ಮಷೀನ್‌ನಲ್ಲಿ ಕೈ ಕೊಡುತ್ತೆ.

ಮೊದಲಪುಟ

0ನೇ ನಮೂದು ಸೇರಿಸಿದ ಮೇಲೆ ಮೇಲಕ್ಕೆ ಹಾರುತ್ತಿದೆ, ಜಿಡಿಟಿಯೂ ಹೊಸದು. ಹಾಗಾದರೆ ಲಿನಕ್ಸ್‌ಗೆ 16 ಎಂಬಿ ಯಾಕೆ? 1 ಎಂಬಿ ಸಾಕಾಗುತ್ತಿತ್ತಲ್ಲ?

ರಿಂಗ್‌ಸೊನ್ನೆ

ಹಳೇ ಐಎಸ್‌ಎ ಕಾರ್ಡ್‌ಗಳ ಡಿಎಂಎ (ಪ್ರೊಸೆಸರ್ ಇಲ್ಲದೆ ಸಾಧನವೇ ನೇರ ಮೆಮೊರಿ ಮುಟ್ಟೋದು) ಕಾರಣ. ಅದಕ್ಕೆ 24 ಬಿಟ್ ವಿಳಾಸ, ಅಂದ್ರೆ ಮೊದಲ 16 ಎಂಬಿ ಮಾತ್ರ ಕಾಣುತ್ತೆ. ಕರ್ನಲ್ ಹೋಗಿ ಅಲ್ಲೇ ಕೂತ್ರೆ ಡಿಎಂಎ ವಲಯದಲ್ಲಿ ಜಾಗ ಕಮ್ಮಿ.

ಹದಿನಾರಂಕಿ

ಅದು ಮೂರರಲ್ಲಿ ಒಂದು ಕಾರಣ. ಎರಡನೆಯದು, 16 ಎಂಬಿ ಕೆಳಗೆ ಇರಬಹುದಾದ ತೂತುಗಳು. 15ರಿಂದ 16 ಎಂಬಿ ನಡುವೆ ಐಎಸ್‌ಎ ಕಾರ್ಡ್‌ಗಳಿಗೆ ಬಿಟ್ಟುಕೊಟ್ಟ ತೂತು ಕೆಲವು ಮಷೀನ್‌ಗಳಲ್ಲಿ ಇತ್ತು. ಮೂರನೆಯದು ದೊಡ್ಡ ಪುಟಗಳ ವಿಷಯ, ನನಗೆ ಮುಖ್ಯ ಅನಿಸುವುದು ಇದೇ. ಮೊದಲ 1 ಎಂಬಿಗೆ ಪ್ರತ್ಯೇಕ ಎಂಟಿಆರ್‌ಆರ್ (ಯಾವ ಜಾಗ ಕ್ಯಾಶ್ ಆಗಬೇಕು ಎಂದು ಹೇಳುವ ರಿಜಿಸ್ಟರ್‌ಗಳು) ಇದೆ, ಅದರೊಳಗೆ ಕೆಲವು ಜಾಗ ಕ್ಯಾಶ್ ಆಗುತ್ತದೆ, ವಿಜಿಎ ಜಾಗ ಆಗುವುದಿಲ್ಲ. 1 ಎಂಬಿಯಿಂದ ಶುರುವಾಗುವ ಕರ್ನಲ್‌ನ ಮೊದಲ ಭಾಗ ಈ ಮಿಶ್ರ ತುಂಡಿನ ಜೊತೆ ಒಂದೇ 2 ಎಂಬಿ ಪುಟವನ್ನು ಹಂಚಿಕೊಳ್ಳುತ್ತದೆ. ಆ ದೊಡ್ಡ ಪುಟವನ್ನು 4 ಕೆಬಿ ಚೂರುಗಳಾಗಿ ಒಡೆಯಬೇಕಾಗುತ್ತದೆ, ಟಿಎಲ್‌ಬಿಯಲ್ಲಿ (ವಿಳಾಸ ಅನುವಾದಗಳನ್ನು ನೆನಪಿಡುವ ಕ್ಯಾಶ್) ಒಂದು ನಮೂದಿನ ಕೆಲಸಕ್ಕೆ ನೂರಾರು ನಮೂದು ಖರ್ಚು. 2009ರಲ್ಲಿ ಪೂರ್ವನಿಯೋಜಿತ ವಿಳಾಸವನ್ನು 16 ಎಂಬಿಗೆ ಏರಿಸಿದಾಗ ಕೊಟ್ಟ ಕಾರಣಗಳು ಈ ಮೂರೇ.

ಸಣ್ಣ ಕರ್ನಲ್‌ಗೆ 16 ಬೇಡ. ದೊಡ್ಡ ಪುಟ 2 ಎಂಬಿ ಆಗಿರುವ ಕಡೆ 2 ಎಂಬಿಯಲ್ಲಿ ಇಡಿ, 4 ಎಂಬಿ ಆಗಿರುವ ಸಾದಾ 32 ಬಿಟ್ ಪೇಜಿಂಗ್‌ನಲ್ಲಿ 4 ಎಂಬಿಯಲ್ಲಿ; ಅಲೈನ್‌ಮೆಂಟ್ ಲಾಭ ಅಷ್ಟೂ ಸಿಗುತ್ತದೆ.

ಲಿನಕ್ಸ್‌ನಲ್ಲಿ ನಡುವೆ ಇನ್ನೊಂದು ಹಂತ ಇದೆ, ಗೊಂದಲಕ್ಕೆ ಅದೂ ಕಾರಣ. ಬಿಝಡ್‌ಇಮೇಜ್ ಎಂಬ ಕರ್ನಲ್ ಫೈಲಿನ ಪ್ರೊಟೆಕ್ಟೆಡ್ ಮೋಡ್ ಭಾಗ ಹಳೆಯ ಪದ್ಧತಿಯಂತೆ 1 ಎಂಬಿಗೆ ಲೋಡ್ ಆಗುತ್ತದೆ. ಅದರೊಳಗಿರುವುದು ಒತ್ತಿಟ್ಟ ಕರ್ನಲ್. ಅದು ಬಿಚ್ಚಿಕೊಂಡು ಹೋಗಿ ಕೂರುವುದು 16 ಎಂಬಿಯಲ್ಲಿ ಅಥವಾ ಬೇರೆ ಕಡೆ. ಬಿಚ್ಚುವಾಗ ಬೇಕಾಗುವ ಒಟ್ಟು ಜಾಗ ಹೆಡರ್‌ನ ಇನಿಟ್ ಸೈಜ್ ಎನ್ನುವ ಅಂಕಣದಲ್ಲಿದೆ. ಬಿಝಡ್‌ಇಮೇಜ್ ಲೋಡ್ ಮಾಡುವ ಲೋಡರ್ ಬರೆಯುವವರು ಫೈಲಿನ ಗಾತ್ರ ಬಿಟ್ಟು ಈ ಅಂಕಣ ನೋಡಿ ಜಾಗ ಕಾಯಬೇಕು. ಮತ್ತದೇ ಮಾತು.

ಬೋರ್ಡ್‌ಬಳಗ

ಇಲ್ಲಿವರೆಗೆ ಎಲ್ಲ ಪಿಸಿ ಮಾತು. ಆರ್ಮ್‌ನಲ್ಲಿ ರಾಮ್ 0ಯಿಂದ ಶುರುವಾಗುತ್ತದೆ ಎನ್ನುವ ಖಾತ್ರಿಯೇ ಇಲ್ಲ. ಕ್ಯೂಎಮು ಎಮ್ಯುಲೇಟರ್‌ನ ವರ್ಟ್ ಮಷೀನ್‌ನಲ್ಲಿ 1 ಜಿಬಿಯಿಂದ ಶುರು, ಹೆಕ್ಸ್ 40000000. ಅದರ ಕೆಳಗೆ ಫ್ಲ್ಯಾಶ್ ಮತ್ತು ಸಾಧನಗಳು. ರಾಸ್‌ಬೆರಿ ಪೈನಲ್ಲಿ 0ಯಿಂದ ಶುರು; ಅಲ್ಲಿನ ಫರ್ಮ್‌ವೇರ್ 32 ಬಿಟ್ ಕರ್ನಲ್ಲನ್ನು 8000ಕ್ಕೆ ಇಳಿಸುತ್ತದೆ, 64 ಬಿಟ್‌ನದನ್ನು ಹಿಂದೆ 80000ಕ್ಕೆ ಇಳಿಸುತ್ತಿತ್ತು, ಈಗಿನ ದಾಖಲೆಯ ಪ್ರಕಾರ 200000ಕ್ಕೆ. ಒಂದು ಬೋರ್ಡ್‌ನ ವಿಳಾಸ ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಕೊರೆದಿಟ್ಟರೆ ಇನ್ನೊಂದರಲ್ಲಿ ಸೀರಿಯಲ್‌ನಲ್ಲಿ ಒಂದಕ್ಷರವೂ ಬರುವುದಿಲ್ಲ.

64 ಬಿಟ್ ಆರ್ಮ್ ಲಿನಕ್ಸ್‌ನ ಒಪ್ಪಂದ ಚೊಕ್ಕವಾಗಿದೆ, ಸ್ವಂತ ಕರ್ನಲ್‌ಗೂ ಅದನ್ನೇ ಅನುಸರಿಸಿದರೆ ಲಿನಕ್ಸ್ ಎಬ್ಬಿಸಬಲ್ಲ ಬೂಟ್‌ಲೋಡರ್ ಅದನ್ನೂ ಎಬ್ಬಿಸುತ್ತದೆ. ಇಮೇಜ್‌ನ ಮೊದಲ 64 ಬೈಟ್ ಹೆಡರ್. 2 ಎಂಬಿ ಗಡಿಯಿಂದ ಎಷ್ಟು ಮುಂದೆ ಇಡಬೇಕು ಎನ್ನುವುದು 8ನೇ ಬೈಟ್‌ನಿಂದ, ಬಿಎಸ್‌ಎಸ್ ಸೇರಿ ಒಟ್ಟು ಗಾತ್ರ 16ನೇ ಬೈಟ್‌ನಿಂದ, ಗುರುತಿನ ಸಂಖ್ಯೆ 56ನೇ ಬೈಟ್‌ನಿಂದ. ಮೊದಲು ಆ ಅಂತರ 512 ಕೆಬಿ ಇರುತ್ತಿತ್ತು, ಲಿನಕ್ಸ್ 5.8ರಿಂದ ಸೊನ್ನೆ. ಹಳೆಯ 512 ಕೆಬಿಯನ್ನು ಕೋಡ್‌ನಲ್ಲೇ ಬರೆದುಬಿಟ್ಟ, ಹೆಡರ್ ಓದದ ಬೂಟ್‌ಲೋಡರ್‌ಗಳು ಹೊಸ ಕರ್ನಲ್ ಬಂದಾಗ ತಪ್ಪು ಜಾಗಕ್ಕೆ ಇಳಿಸುತ್ತವೆ.

ಡಿವೈಸ್ ಟ್ರೀ (ಬೋರ್ಡ್‌ನ ಹಾರ್ಡ್‌ವೇರ್ ವಿವರ) ವಿಳಾಸ ಎಕ್ಸ್0 ರಿಜಿಸ್ಟರ್‌ನಲ್ಲಿ; ಟ್ರೀ 8 ಬೈಟ್ ಗಡಿಯಲ್ಲಿರಬೇಕು, 2 ಎಂಬಿಗಿಂತ ದೊಡ್ಡದಿರಬಾರದು. ಎಂಎಂಯು (ಪೇಜಿಂಗ್ ನಡೆಸುವ ಘಟಕ) ಆಫ್ ಆಗಿರಬೇಕು. ಇನ್ನು ಎಲ್ಲರೂ ಮರೆಯುವ ಅಂಶ: ಇಮೇಜ್ ಇಳಿಸಿದ ಜಾಗದ ಡೇಟಾ ಕ್ಯಾಶನ್ನು ಮುಖ್ಯ ಮೆಮೊರಿಯವರೆಗೆ ತೊಳೆದಿರಬೇಕು. ಲೋಡರ್ ಕ್ಯಾಶ್ ಆನ್ ಇಟ್ಟುಕೊಂಡು ನಕಲು ಮಾಡುತ್ತದೆ, ಕರ್ನಲ್ ಕ್ಯಾಶ್ ಆಫ್ ಇರುವಾಗ ಓದುತ್ತದೆ. ತೊಳೆಯದಿದ್ದರೆ ಕರ್ನಲ್‌ಗೆ ಕಾಣುವುದು ರಾಮ್‌ನಲ್ಲಿದ್ದ ಹಳೆಯ ಕಸ. ಕ್ಯೂಎಮುವಿನಲ್ಲಿ ಈ ತಪ್ಪು ಕಾಣುವುದೇ ಇಲ್ಲ. ನಿಜವಾದ ಬೋರ್ಡ್‌ನಲ್ಲಿ ಐದಕ್ಕೆ ಮೂರು ಸಲ ಏಳುತ್ತದೆ, ಎರಡು ಸಲ ಇಲ್ಲ ಎಂಬಂಥ ವರ್ತನೆ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

32 ಬಿಟ್ ಆರ್ಮ್‌ನಲ್ಲಿ ಬಿಚ್ಚಿದ ಕರ್ನಲ್ ಸಾಮಾನ್ಯವಾಗಿ ರಾಮ್ ಶುರುವಿನಿಂದ 32 ಕೆಬಿ ಮುಂದೆ. ಅದರ ಹಿಂದಿನ 16 ಕೆಬಿ ಮೊದಲ ಪೇಜ್ ಟೇಬಲ್‌ಗೆ. ಒತ್ತಿಟ್ಟ ಇಮೇಜನ್ನು ರಾಮ್ ಶುರುವಿನಿಂದ 32 ಎಂಬಿ ಮೇಲೆ ಇಟ್ಟರೆ, ಬಿಚ್ಚುವ ಮುಂಚೆ ತನ್ನನ್ನೇ ಪಕ್ಕಕ್ಕೆ ಸರಿಸಿಕೊಳ್ಳುವ ಕೆಲಸ ತಪ್ಪುತ್ತದೆ.

ಉಲ್ಟಾಸ್ಟಾಕ್

ರಿಸ್ಕ್ ಫೈವ್ ಪ್ರೊಸೆಸರ್‌ಗೆ ಎರಡು ಸಾಲು. ವರ್ಟ್ ಮಷೀನ್‌ನಲ್ಲಿ ರಾಮ್ 80000000ದಿಂದ. ಅಲ್ಲಿ ಓಪನ್‌ಎಸ್‌ಬಿಐ ಅನ್ನೋ ಫರ್ಮ್‌ವೇರ್ ಕೂತಿರುತ್ತೆ, ಕರ್ನಲ್ 2 ಎಂಬಿ ಬಿಟ್ಟು 80200000ದಲ್ಲಿ. ಎ0 ರಿಜಿಸ್ಟರ್‌ನಲ್ಲಿ ಹಾರ್ಟ್ (ಕೋರ್) ಸಂಖ್ಯೆ, ಎ1ರಲ್ಲಿ ಡಿವೈಸ್ ಟ್ರೀ. ಫರ್ಮ್‌ವೇರ್ ಇಲ್ಲದೆ ನೇರ ಮಷೀನ್ ಮೋಡ್‌ನಲ್ಲಿ ಏಳೋ ಕರ್ನಲ್‌ಗಳನ್ನು 80000000ಕ್ಕೇ ಲಿಂಕ್ ಮಾಡಿರ್ತಾರೆ; ಅದನ್ನು ನೋಡಿ ನಕಲು ಮಾಡಿ ಓಪನ್‌ಎಸ್‌ಬಿಐ ಜೊತೆ ಓಡಿಸಿದ್ರೆ ಎರಡೂ ಒಂದೇ ಜಾಗಕ್ಕೆ ಜಗಳ. ಫರ್ಮ್‌ವೇರ್ ತನ್ನ ಜಾಗಕ್ಕೆ ಪಿಎಂಪಿ (ಫಿಸಿಕಲ್ ಮೆಮೊರಿ ಕಾಯೋ ಹಾರ್ಡ್‌ವೇರ್) ಬೇಲಿ ಹಾಕಿರುತ್ತೆ. ಪೇಜ್ ಅಲೊಕೇಟರ್ ಆ ಪುಟ ಹಂಚಿದ್ರೆ ಬರೋದು ಪೇಜ್ ಫಾಲ್ಟ್ ಅಲ್ಲ, ಆಕ್ಸೆಸ್ ಫಾಲ್ಟ್. ಪೇಜ್ ಟೇಬಲ್ ಎಷ್ಟು ತಿದ್ದಿದ್ರೂ ಹೋಗಲ್ಲ. ಡಿವೈಸ್ ಟ್ರೀನಲ್ಲಿರೋ ರಿಸರ್ವ್ಡ್ ಮೆಮೊರಿ ನೋಡ್ ಓದಿ ಕಳೀಬೇಕು.

ಮೊದಲಪುಟ

ಇನ್ನು ಉಳಿದದ್ದು ಯುಇಎಫ್‌ಐ. ಅಲ್ಲಿ 1 ಎಂಬಿ ಅಥವಾ 2 ಎಂಬಿ ಸಿಕ್ಕೇ ಸಿಗುತ್ತದೆ ಎಂದುಕೊಳ್ಳಬಹುದಾ?

ಲಿಂಕರ್‌ಕಡತ

ಬೇಡ. ಆ ಜಾಗದಲ್ಲಿ ಫರ್ಮ್‌ವೇರ್‌ನ ಬೂಟ್ ಸರ್ವಿಸ್ ಕೋಡ್ ಕೂತಿರಬಹುದು. ನಿಗದಿತ ವಿಳಾಸದಲ್ಲಿ ಪುಟ ಕೊಡು ಎಂದು ಅಲೊಕೇಟ್ ಪೇಜಸ್ ಎಂಬ ಫರ್ಮ್‌ವೇರ್ ಕರೆಗೆ ಕೇಳಿದರೆ, ಖಾಲಿ ಇಲ್ಲದಿದ್ದರೆ ಸಿಗಲಿಲ್ಲ ಎಂಬ ಸ್ಥಿತಿ ವಾಪಸ್ ಬರುತ್ತದೆ. ಕೇಳದೆಯೇ ನಕಲು ಮಾಡಿದರೆ ನಿಮ್ಮನ್ನು ಓಡಿಸುತ್ತಿರುವ ಫರ್ಮ್‌ವೇರನ್ನೇ ಒರೆಸಿದ ಹಾಗೆ.

64 ಬಿಟ್‌ನಲ್ಲಿ ನನ್ನ ಸಲಹೆ ಇದು: ವರ್ಚುವಲ್ ವಿಳಾಸ ಸ್ಥಿರ ಇರಲಿ, ಫಿಸಿಕಲ್ ವಿಳಾಸವನ್ನು ಲೋಡರ್ ಆರಿಸಲಿ. ಕರ್ನಲ್ಲನ್ನು ವಿಳಾಸದ ಕೊನೆಯ 2 ಜಿಬಿಗೆ ಲಿಂಕ್ ಮಾಡಿ, ಅಂದರೆ ಎಂಟು ಎಫ್, ಅದರ ಬಲಕ್ಕೆ 80000000. ಕಂಪೈಲರ್‌ನ ಕರ್ನಲ್ ಕೋಡ್ ಮಾಡೆಲ್ ಆ 2 ಜಿಬಿಯನ್ನೇ ನಂಬುತ್ತದೆ, ಏಕೆಂದರೆ 32 ಬಿಟ್ ಸಂಖ್ಯೆಯನ್ನು ಚಿಹ್ನೆಸಮೇತ ಹಿಗ್ಗಿಸಿದರೆ ಅಲ್ಲಿಗೆ ಸರಿಹೋಗುತ್ತದೆ. ಲೋಡರ್ ಕರ್ನಲ್‌ನ ಮೆಮೊರಿ ಗಾತ್ರಕ್ಕೆ 2 ಎಂಬಿ ಕೂಡಿಸಿ ಪುಟ ಕೇಳಲಿ, ಸಿಕ್ಕಿದ್ದರೊಳಗೆ 2 ಎಂಬಿ ಗಡಿಗೆ ಏರಿಸಿ ಇಳಿಸಲಿ, ಅಲ್ಲಿಗೆ ಮ್ಯಾಪ್ ಮಾಡಲಿ. ಪೇಜ್ ಟೇಬಲ್‌ಗಳಲ್ಲಿ ಎಲ್ಲಕ್ಕಿಂತ ಮೇಲಿನ ಹಂತದ್ದರಲ್ಲಿ 511ನೇ ನಮೂದು, ಅದರ ಕೆಳಗಿನದರಲ್ಲಿ 510. ತಾನು ಇಳಿಸಿದ ಫಿಸಿಕಲ್ ವಿಳಾಸವನ್ನು ಕರ್ನಲ್‌ಗೆ ತಿಳಿಸಲಿ. ಹೀಗಾದರೆ ರಿಲೊಕೇಶನ್ ಗೋಜಿಲ್ಲ, ಕರ್ನಲ್‌ನ ಒಂದು ಬೈಟನ್ನೂ ತಿದ್ದಬೇಕಿಲ್ಲ.

ಬದಲಾಗುವುದು ವರ್ಚುವಲ್ ವಿಳಾಸದಿಂದ ಫಿಸಿಕಲ್ ವಿಳಾಸ ತೆಗೆಯುವ ಲೆಕ್ಕ. ಅದು ಈಗ ಎರಡು ಥರ ಆಗುತ್ತದೆ. ಕರ್ನಲ್ ಇಮೇಜ್‌ನೊಳಗಿನ ಗುರುತಾದರೆ ಕೊನೆಯ 2 ಜಿಬಿಯ ಬುಡ ಕಳೆದು ಫಿಸಿಕಲ್ ಬೇಸ್ ಕೂಡಿಸಬೇಕು. ಇಡೀ ರಾಮ್‌ನ ನೇರ ಮ್ಯಾಪಿಂಗ್‌ನಲ್ಲಿರುವ ವಿಳಾಸವಾದರೆ ಆ ಮ್ಯಾಪಿಂಗ್‌ನ ಬುಡ ಮಾತ್ರ ಕಳೆಯಬೇಕು. ಎರಡನ್ನೂ ಒಂದೇ ಮ್ಯಾಕ್ರೋದಲ್ಲಿ ತುರುಕಿದರೆ ಡಿಎಂಎ ಡಿಸ್ಕ್ರಿಪ್ಟರ್‌ಗೆ ತಪ್ಪು ವಿಳಾಸ ಹೋಗಿ ಯಾರದೋ ಮೆಮೊರಿ ಹಾಳಾಗುತ್ತದೆ. ಎರಡು ಹೆಸರಿನ ಎರಡು ಫಂಕ್ಷನ್ ಇಡಿ.

ರಿಂಗ್‌ಸೊನ್ನೆ

ಯುಇಎಫ್‌ಐ ಮೆಮೊರಿ ಮ್ಯಾಪ್ ಓದುವಾಗ ಡಿಸ್ಕ್ರಿಪ್ಟರ್ (ಒಂದೊಂದು ನಮೂದಿನ) ಗಾತ್ರ ಫರ್ಮ್‌ವೇರ್ ಹೇಳಿದ್ದೇ ಬಳಸಿ, ಸ್ಟ್ರಕ್ಟ್‌ನ ಸೈಜ್‌ಆಫ್ ಬೇಡ. ಸ್ಟ್ರಕ್ಟ್ 40 ಬೈಟ್, ಫರ್ಮ್‌ವೇರ್ 48ರ ಹೆಜ್ಜೆ ಹಾಕೋದು ಸಾಮಾನ್ಯ. ಮೊದಲ ನಮೂದು ಸರಿ ಕಾಣುತ್ತೆ, ಎರಡನೇದರಿಂದ ಕಸ.

ಬೂಟ್ ಸರ್ವಿಸ್‌ನಿಂದ ಹೊರಗೆ ಬರೋ ಕರೆಗೆ ಮ್ಯಾಪ್ ಕೀ (ಮ್ಯಾಪ್ ಜೊತೆ ಬರೋ ಗುರುತುಸಂಖ್ಯೆ) ಬೇಕು. ಮ್ಯಾಪ್ ತಗೊಂಡ ಮೇಲೆ ಒಂದು ಅಲೊಕೇಶನ್ ಆದ್ರೂ ಆ ಕೀ ಹಳತಾಗಬಹುದು, ಪರದೆಗೆ ಒಂದು ಸಾಲು ಬರೆದ್ರೂ ಫರ್ಮ್‌ವೇರ್ ಒಳಗೇ ಅಲೊಕೇಟ್ ಮಾಡಬಹುದು. ಇನ್‌ವ್ಯಾಲಿಡ್ ಪ್ಯಾರಾಮೀಟರ್ ಬಂದ್ರೆ ಮ್ಯಾಪ್ ಮತ್ತೆ ತಗೊಂಡು ಮತ್ತೆ ಕರೀರಿ. ಬಫರ್ ಮೊದಲೇ ಸ್ವಲ್ಪ ದೊಡ್ಡದು ಇಟ್ಕೊಳ್ಳಿ, ಆಗ ಎರಡನೇ ಸಲ ಅಲೊಕೇಟ್ ಮಾಡೋ ಪ್ರಮೇಯ ಬರಲ್ಲ.

ಹದಿನಾರಂಕಿ

ಲಿನಕ್ಸ್ ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದು ಯಾದೃಚ್ಛಿಕ ಮಾಡಿದೆ. ಎಕ್ಸ್86ನಲ್ಲಿ ಕೆಎಎಸ್‌ಎಲ್‌ಆರ್ (ಪ್ರತಿ ಬೂಟ್‌ಗೂ ಕರ್ನಲ್ ವಿಳಾಸ ಬದಲಿಸುವುದು) ಲಿನಕ್ಸ್ 3.14ರಲ್ಲಿ ಬಂತು, 4.12ರಿಂದ ಪೂರ್ವನಿಯೋಜಿತವಾಗಿ ಆನ್. 64 ಬಿಟ್‌ನಲ್ಲಿ ಫಿಸಿಕಲ್ ಮತ್ತು ವರ್ಚುವಲ್ ಜಾಗ ಬೇರೆ ಬೇರೆಯಾಗಿ ಆರಿಸುತ್ತದೆ: ಫಿಸಿಕಲ್ 16 ಎಂಬಿಯಿಂದ ರಾಮ್‌ನ ತುದಿಯವರೆಗೆ ಎಲ್ಲಾದರೂ, ವರ್ಚುವಲ್ 16 ಎಂಬಿಯಿಂದ 1 ಜಿಬಿ ಒಳಗೆ. ವರ್ಚುವಲ್ ಬದಲಾದರೆ ಮಾತ್ರ ರಿಲೊಕೇಶನ್ ಪಟ್ಟಿ ಹಿಡಿದು ಇಮೇಜನ್ನು ತಿದ್ದಬೇಕು, ಫಿಸಿಕಲ್‌ಗೆ ಪೇಜ್ ಟೇಬಲ್ ಮತ್ತು ಬೇಸ್ ವೇರಿಯಬಲ್ ಸಾಕು. ಜಾಗ ಆರಿಸುವ ಮುಂಚೆ ಅದು ಮಾಡುವ ಮೊದಲ ಕೆಲಸವೇ ಮುಟ್ಟಬಾರದವುಗಳ ಪಟ್ಟಿ: ಒತ್ತಿಟ್ಟ ಇಮೇಜ್, ಇನಿಟ್‌ಆರ್‌ಡಿ, ಕಮಾಂಡ್‌ಲೈನ್, ಬೂಟ್ ಪ್ಯಾರಾಮೀಟರ್‌ಗಳು.

ನೋಡಬೇಕಿದ್ದರೆ ಪ್ರೊಕ್ ಕೆಳಗಿನ ಐಓಮೆಮ್ ಫೈಲನ್ನು ರೂಟ್ ಆಗಿ ತೆರೆಯಿರಿ, ಕರ್ನಲ್ ಕೋಡ್, ಡೇಟಾ, ಬಿಎಸ್‌ಎಸ್ ಎಂಬ ಸಾಲುಗಳು ಸಿಗುತ್ತವೆ. ರೂಟ್ ಅಲ್ಲದಿದ್ದರೆ ವಿಳಾಸಗಳೆಲ್ಲ ಸೊನ್ನೆ ಕಾಣುತ್ತವೆ. ಎರಡು ಸಲ ರೀಬೂಟ್ ಮಾಡಿ ಹೋಲಿಸಿ. ಕರ್ನಲ್ ಡೀಬಗ್ ಮಾಡುವವರು ಕಮಾಂಡ್‌ಲೈನ್‌ನಲ್ಲಿ ನೋಕೆಎಎಸ್‌ಎಲ್‌ಆರ್ ಹಾಕಿಕೊಳ್ಳಿ, ಇಲ್ಲದಿದ್ದರೆ ಬ್ರೇಕ್‌ಪಾಯಿಂಟ್‌ಗಳು ಬೇರೆಲ್ಲೋ ಬೀಳುತ್ತವೆ.

ಮೊದಲಪುಟ

2 ಎಂಬಿ ಅಲೈನ್‌ಮೆಂಟ್, ಸ್ಥಿರ ವರ್ಚುವಲ್, ಲೋಡರ್ ಹೇಳುವ ಫಿಸಿಕಲ್ ಬೇಸ್: ಈ ದಾರಿ ಹಿಡಿಯುತ್ತೇನೆ. ಕೊನೆಯದಾಗಿ, ರೀಸೆಟ್ ಆದಾಗ ಎಲ್ಲಿ ಸತ್ತಿತು ಎಂದು ನೋಡುವುದು ಹೇಗೆ? ಡೀಬಗರ್ ಹತ್ತುವ ಮುಂಚೆಯೇ ಮಷೀನ್ ಮತ್ತೆ ಶುರುವಾಗಿರುತ್ತದೆ.

ಉಲ್ಟಾಸ್ಟಾಕ್

ಕ್ಯೂಎಮುಗೆ ಇಂಟರಪ್ಟ್ ಲಾಗ್ ಆನ್ ಮಾಡಿ, ನೋ-ರೀಬೂಟ್ ಮತ್ತು ನೋ-ಶಟ್‌ಡೌನ್ ಆಯ್ಕೆ ಎರಡೂ ಕೊಡಿ. ಟ್ರಿಪಲ್ ಫಾಲ್ಟ್ ಆದಲ್ಲೇ ನಿಲ್ಲುತ್ತೆ. ಲಾಗ್‌ನಲ್ಲಿ ಕೊನೆಯ ಮೂರು ನಮೂದಲ್ಲಿ ಮೊದಲನೇದನ್ನು ನೋಡಿ, ಉಳಿದೆರಡು ಅದರ ಮಕ್ಕಳು. ಎಕ್ಸೆಪ್ಶನ್ 0ಇ (ಪೇಜ್ ಫಾಲ್ಟ್) ಆಗಿದ್ರೆ ಸಿಆರ್2ರಲ್ಲಿ ಫಾಲ್ಟ್ ಆದ ವಿಳಾಸ. ಅದು ಇನ್‌ಸ್ಟ್ರಕ್ಷನ್ ಪಾಯಿಂಟರ್‌ಗೇ ಸಮ ಇದ್ರೆ ಕೋಡ್ ಮ್ಯಾಪ್ ಆಗಿಲ್ಲ. ಸ್ಟಾಕ್ ಪಾಯಿಂಟರ್‌ಗೆ ಹತ್ತಿರ ಇದ್ರೆ ಸ್ಟಾಕ್. 0ಡಿ (ಜನರಲ್ ಪ್ರೊಟೆಕ್ಷನ್ ಫಾಲ್ಟ್) ಆಗಿದ್ರೆ ಜಿಡಿಟಿ ಕಡೆ ನೋಡಿ.

ಮಾನಿಟರ್‌ನಲ್ಲಿ ಇನ್ಫೋ ಟಿಎಲ್‌ಬಿ ಅಂದ್ರೆ ಮ್ಯಾಪಿಂಗ್ ಪಟ್ಟಿ ಬರುತ್ತೆ. ಎಕ್ಸ್ ಕಮಾಂಡ್ ವರ್ಚುವಲ್ ವಿಳಾಸ ಓದುತ್ತೆ, ಎಕ್ಸ್‌ಪಿ ಫಿಸಿಕಲ್. ಕರ್ನಲ್‌ನ ಮೊದಲ ಪುಟವನ್ನು ಎರಡೂ ಥರ ಓದಿ. ಬೈಟ್‌ಗಳು ಬೇರೆ ಬಂದ್ರೆ ಪೇಜ್ ಟೇಬಲ್ ತಪ್ಪು. ಒಂದೇ ಬಂದು ಅದೂ ಫೈಲ್‌ನಲ್ಲಿ ಇರೋ ಹಾಗೆ ಇಲ್ಲದಿದ್ರೆ ಲೋಡರ್ ತಪ್ಪು, ಇಲ್ಲಾ ಲೋಡ್ ಆದ ಮೇಲೆ ಯಾರೋ ಮೇಲೆ ಬರೆದಿದಾರೆ. ಆಗ ಫಿಸಿಕಲ್ ಬೇಸ್‌ನಿಂದ ಕೊನೆಯ ಗುರುತಿನ ತನಕದ ಅಳತೆ ಹಿಡಿದು, ಮಾಡ್ಯೂಲ್‌ಗಳ ಶುರು-ಕೊನೆ ಜೊತೆ ಒಂದೊಂದಾಗಿ ಹೋಲಿಸಿ.